ನೆಲಮಾಳಿಗೆಯಲ್ಲಿ ನಿದ್ದೆ ಹೋಗದ ಕಾರು

ಮಗಳು ಕೊಂಡ ಐಷಾರಾಮಿ ಸೆಡಾನ್ ಇನ್ನೂ ವಾರಂಟಿಯಲ್ಲಿರುವಾಗಲೇ ಅದರ ಬ್ಯಾಟರಿ ಪದೇ ಪದೇ ಡೌನ್ ಆಗತೊಡಗಿತು. ದಿನವೂ ಓಡಿಸುತ್ತಿದ್ದರೆ ಯಾವ ತೊಂದರೆಯೂ ಇರಲಿಲ್ಲ. ಅವಳು ಕೆಲಸದ ಮೇಲೆ ಬೆಂಗಳೂರಿನಿಂದ ಹೊರಗೆ ಹೋಗಿ, ಕಾರು ನಮ್ಮ ಅಪಾರ್ಟ್‌ಮೆಂಟಿನ ಎರಡನೆಯ ಬೇಸ್‌ಮೆಂಟಿನಲ್ಲಿ ಎರಡು ಮೂರು ದಿನ ನಿಂತಿತೆಂದರೆ ಮಾತ್ರ, ರಿಮೋಟ್ ಕೂಡ ಕೆಲಸ ಮಾಡದೆ, ಅದರೊಳಗೆ ಅಡಗಿಸಿಟ್ಟ ಲೋಹದ ಕೀಯನ್ನು ಹೊರಗೆಳೆದು ಬಾಗಿಲು ತೆರೆಯಬೇಕಾಗುತ್ತಿತ್ತು. ಕರೆ ಮಾಡಿದಾಗಲೆಲ್ಲ ಕಂಪನಿಯ ಹುಡುಗರು ಬಂದು ಜಂಪ್ ಸ್ಟಾರ್ಟ್ ಮಾಡಿಕೊಡುತ್ತಿದ್ದರು. ಸರ್ವಿಸ್ ಸೆಂಟರ್‌ನವರು ಕಾರನ್ನು ಇಟ್ಟುಕೊಂಡು, ಕಾರಿನ ಕಂಪ್ಯೂಟರುಗಳಲ್ಲಿ ದಾಖಲಾದ ದೋಷಗಳನ್ನು ಓದುವ ಸ್ಕ್ಯಾನರ್ ಹಾಕಿ ನೋಡಿ, ದೋಷ ಕಂಡುಬಂದಿಲ್ಲ ಎಂದು ಜಾಬ್ ಕಾರ್ಡಿನಲ್ಲಿ ಬರೆದು ಹಿಂತಿರುಗಿಸುತ್ತಿದ್ದರು. ಒಮ್ಮೆ ಬ್ಯಾಟರಿಯನ್ನೇ ವಾರಂಟಿಯಲ್ಲಿ ಬದಲಿಸಿಕೊಟ್ಟರು. ಹೊಸ ಬ್ಯಾಟರಿಯೂ ಅದೇ ಜಾಗದಲ್ಲಿ ಅದೇ ರೀತಿ ಇಳಿದುಹೋಯಿತು.

ನಾನು ವೃತ್ತಿಜೀವನವನ್ನೆಲ್ಲ ವಿದ್ಯುತ್ ಉಪಕೇಂದ್ರಗಳಲ್ಲಿ ರಿಲೇ ಮತ್ತು ಮೀಟರುಗಳ ಪರೀಕ್ಷೆಯಲ್ಲಿ ಕಳೆದವನು. ಉಪಕೇಂದ್ರದಲ್ಲಿ ಬ್ಯಾಟರಿ ಕೋಣೆಗೆ ಎಷ್ಟು ಮಹತ್ವವಿದೆಯೆಂದು ಅಲ್ಲಿ ಕೆಲಸ ಮಾಡಿದವರಿಗೆ ಗೊತ್ತು. ಲೈನಿನಲ್ಲಿ ಫಾಲ್ಟ್ ಬಂದಾಗ ಬ್ರೇಕರ್ ಟ್ರಿಪ್ ಆಗುವುದೇ ಆ ಬ್ಯಾಟರಿಯ ಬಲದಿಂದ. ಆದ್ದರಿಂದ ಅಲ್ಲಿ ಬ್ಯಾಟರಿಯ ವೋಲ್ಟೇಜು ಕುಸಿದರೆ, ಸೆಲ್ ಹಾಳಾಗಿದೆಯೇ ಎಂದು ಕೇಳುವುದರ ಜೊತೆಗೇ ಕರೆಂಟು ಎಲ್ಲಿಗೆ ಹೋಗುತ್ತಿದೆ ಎಂದು ಕೇಳುವ ಅಭ್ಯಾಸ ನಮಗಿತ್ತು. ಮಗಳ ಕಾರಿನ ವಿಷಯದಲ್ಲಿ ಈ ಎರಡನೆಯ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಲೆಕ್ಕ ಕಷ್ಟದ್ದಲ್ಲ. ಬೀಗ ಹಾಕಿ ನಿಲ್ಲಿಸಿದ ಕಾರೂ ಸ್ವಲ್ಪ ಕರೆಂಟನ್ನು ಎಳೆಯುತ್ತಲೇ ಇರುತ್ತದೆ. ಗಡಿಯಾರ, ಅಲಾರಂ, ರಿಮೋಟಿನ ಸಂಕೇತಕ್ಕೆ ಕಿವಿಗೊಟ್ಟು ಕೂತಿರುವ ರಿಸೀವರ್, ಇವೆಲ್ಲಕ್ಕೂ ಅದು ಬೇಕು. ಸಾಮಾನ್ಯವಾಗಿ ಇದು 50 ಮಿಲಿಆಂಪಿಯರ್ ಮೀರಬಾರದೆಂದು ಮೆಕ್ಯಾನಿಕ್‌ಗಳು ಇಟ್ಟುಕೊಂಡಿರುವ ಅಳತೆ. 50 ಮಿಲಿಆಂಪಿಯರ್ ಎಂದರೆ ದಿನಕ್ಕೆ 1.2 ಆಂಪಿಯರ್-ಅವರ್, ಈ ಕಾರಿನಲ್ಲಿರುವ 80 ಆಂಪಿಯರ್-ಅವರ್ ಬ್ಯಾಟರಿ ಅರ್ಧಕ್ಕಿಳಿಯಲು ಒಂದು ತಿಂಗಳೇ ಬೇಕು. ಮೂರನೆಯ ದಿನಕ್ಕೆ ಸ್ಟಾರ್ಟ್ ಆಗುತ್ತಿಲ್ಲವೆಂದರೆ ಅದರ ಹತ್ತು ಪಟ್ಟಿಗಿಂತ ಹೆಚ್ಚು ಕರೆಂಟು ಎಲ್ಲೋ ಹರಿಯುತ್ತಿದೆ ಎಂದೇ ಅರ್ಥ. ಇನ್ನೊಂದು ಸಂಗತಿಯೂ ಇದೆ. ಇಂದಿನ ಹಲವು ಕಾರುಗಳು ಬ್ರೇಕ್ ಹಾಕಿದಾಗ ಸಿಗುವ ಶಕ್ತಿಯನ್ನು ಹಿಡಿದಿಟ್ಟುಕೊಳ್ಳಲು ಜಾಗವಿರಲಿ ಎಂದು ಬ್ಯಾಟರಿಯನ್ನು ಪೂರ್ತಿ ತುಂಬಿಸುವುದೇ ಇಲ್ಲ. ಹೀಗಾಗಿ ಕಾರು ಬೇಸ್‌ಮೆಂಟಿಗೆ ಇಳಿಯುವಾಗಲೇ ಅದರ ಬ್ಯಾಟರಿ ಭರ್ತಿಯಾಗಿರುವುದಿಲ್ಲ.

ಹಳೆಯ ಕಾರುಗಳಲ್ಲಿ ಇಂಥ ದೋಷವೆಂದರೆ ಡಿಕ್ಕಿಯ ದೀಪ ಆರದೆ ಉಳಿದಿರುವುದು ಅಥವಾ ರಿಲೇ ಎಂಬ ವಿದ್ಯುತ್ ಸ್ವಿಚ್ಚು ಅಂಟಿಕೊಂಡಿರುವುದು. ಈಗಿನ ದುಬಾರಿ ಕಾರಿನಲ್ಲಿ ಹತ್ತಾರು ಕಂಟ್ರೋಲ್ ಯೂನಿಟ್‌ಗಳಿವೆ. ಸೀಟು, ಬಾಗಿಲು, ಏಸಿ, ಪರದೆ, ಕ್ಯಾಮೆರಾ ಪ್ರತಿಯೊಂದಕ್ಕೂ ಒಂದೊಂದು ಸಣ್ಣ ಕಂಪ್ಯೂಟರ್ ಇದ್ದು, ಅವೆಲ್ಲ ಒಂದೇ ಜಾಲದಲ್ಲಿ ಮಾತಾಡಿಕೊಳ್ಳುತ್ತಿರುತ್ತವೆ. ಬೀಗ ಹಾಕಿದ ಮೇಲೆ ಅವು ಒಂದೊಂದಾಗಿ ಕೆಲಸ ನಿಲ್ಲಿಸಿ ಸ್ಲೀಪ್ ಸ್ಥಿತಿಗೆ ಹೋಗಬೇಕು. ಕೆಲವು ಕಾರುಗಳಲ್ಲಿ ಇದಕ್ಕೆ ಅರ್ಧ ಗಂಟೆಗೂ ಮಿಕ್ಕಿ ಹಿಡಿಯುತ್ತದೆ. ಅವುಗಳಲ್ಲಿ ಒಂದು ಯೂನಿಟ್ ಮಾತ್ರ ಎಚ್ಚರವಾಗಿಯೇ ಉಳಿದು ಜಾಲದ ಮೇಲೆ ಸಂದೇಶ ಕಳಿಸುತ್ತಿದ್ದರೂ ಉಳಿದ ಕೆಲವಕ್ಕೂ ನಿದ್ದೆ ಬರದು. ಸರ್ವಿಸ್ ಸೆಂಟರಿನ ಸ್ಕ್ಯಾನರಿಗೆ ಇದು ಸುಲಭವಾಗಿ ಕಾಣಿಸದಿರುವುದಕ್ಕೂ ಕಾರಣವಿದೆ. ಸ್ಕ್ಯಾನರ್ ಹಾಕಬೇಕಾದರೆ ಇಗ್ನಿಷನ್ ಆನ್ ಮಾಡಬೇಕು, ಮಾಡಿದ ತಕ್ಷಣ ಎಲ್ಲವೂ ಎಚ್ಚರಗೊಳ್ಳುತ್ತವೆ, ಎಚ್ಚರಗೊಂಡ ಯೂನಿಟ್‌ಗಳೆಲ್ಲ ತಾವು ಆರೋಗ್ಯವಾಗಿದ್ದೇವೆಂದೇ ಹೇಳುತ್ತವೆ.

ಸರ್ವಿಸ್ ಅಡ್ವೈಸರ್ ಸಂಭಾವಿತ ಹುಡುಗ. ಆದರೂ ಅವನ ಬಳಿ ಇದ್ದ ಉತ್ತರ ಒಂದೇ: "ಸಾರ್, ಗಾಡಿ ಓಡಿಸೋದು ಕಮ್ಮಿ, ಅದಕ್ಕೇ ಚಾರ್ಜ್ ಆಗ್ತಿಲ್ಲ. ವಾರಕ್ಕೆ ಒಂದು ಲಾಂಗ್ ಡ್ರೈವ್ ಹೋಗಿ." ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ತೆವಳುವ ಸಣ್ಣ ಪ್ರಯಾಣಗಳಿಂದ ಬ್ಯಾಟರಿ ಸರಿಯಾಗಿ ಚಾರ್ಜ್ ಆಗುವುದಿಲ್ಲ ಎಂಬುದು ನಿಜ. ಆದರೆ ಮೈಸೂರಿನಿಂದ ನೇರವಾಗಿ ಬಂದು ನಿಲ್ಲಿಸಿದ ಕಾರೂ ಮೂರನೆಯ ದಿನ ಸತ್ತಿರುವಾಗ ಆ ಮಾತು ನಿಲ್ಲುವುದಿಲ್ಲ. ವಕೀಲರಾದ ಸ್ನೇಹಿತರೊಬ್ಬರು ಗ್ರಾಹಕರ ಆಯೋಗಕ್ಕೆ ಹೋಗುವ ದಾರಿಯನ್ನೂ ವಿವರಿಸಿದರು. 2019ರ ಗ್ರಾಹಕರ ರಕ್ಷಣಾ ಕಾಯ್ದೆಯ ಪ್ರಕಾರ, ವಸ್ತುವಿಗೆ ನಾವು ಕೊಟ್ಟ ಬೆಲೆಯ ಮೇಲೆ ಯಾವ ಆಯೋಗಕ್ಕೆ ಹೋಗಬೇಕೆಂಬುದು ನಿರ್ಧಾರವಾಗುತ್ತದೆ. 50 ಲಕ್ಷ ರೂಪಾಯಿವರೆಗೆ ಜಿಲ್ಲಾ ಆಯೋಗ, ಅದಕ್ಕೂ ಮೇಲೆ 2 ಕೋಟಿವರೆಗೆ ರಾಜ್ಯ ಆಯೋಗ. ಆದರೆ ಯಾವ ಆಯೋಗದ ಮುಂದೆ ನಿಂತರೂ ದೋಷವಿದೆಯೆಂದು ತೋರಿಸಬೇಕಾದವರು ದೂರು ಕೊಟ್ಟವರೇ. ನಮ್ಮ ಕೈಯಲ್ಲಿದ್ದದ್ದು ದೋಷ ಕಂಡುಬಂದಿಲ್ಲ ಎಂದು ಬರೆದ ಕಾಗದಗಳು. ಮೊದಲು ಅಳತೆ ಬೇಕು ಎಂದು ನಾನು ನಿರ್ಧರಿಸಿದೆ.

ಸುಳಿವು ಸಿಕ್ಕಿದ್ದು ಜಾಗಗಳನ್ನು ಹೋಲಿಸಿದಾಗ. ಕಾರು ಎಲ್ಲಿ, ಎಷ್ಟು ಹೊತ್ತು ನಿಂತಿತ್ತು, ಆಮೇಲೆ ಬ್ಯಾಟರಿಯ ವೋಲ್ಟೇಜು ಎಷ್ಟಿತ್ತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಮೈಸೂರಿನ ತಂಗಿಯ ಮನೆಯಂಗಳದಲ್ಲಿ ಅದು ಹೆಚ್ಚು ಕಾಲ ನಿಂತಾಗಲೂ ವೋಲ್ಟೇಜು 12.5ರ ಆಸುಪಾಸಿನಲ್ಲಿಯೇ ಇತ್ತು. ನಮ್ಮ ಬೇಸ್‌ಮೆಂಟಿನಲ್ಲಿ ಅದಕ್ಕಿಂತ ಕಡಿಮೆ ಸಮಯದಲ್ಲಿ 11.8ಕ್ಕೆ ಇಳಿದಿತ್ತು. ಸೀಸ-ಆಮ್ಲದ ಬ್ಯಾಟರಿಯಲ್ಲಿ 12ಕ್ಕಿಂತ ಕೆಳಗೆ ಹೋದರೆ ಬಹುಪಾಲು ಖಾಲಿಯಾದಂತೆಯೇ. ಸರ್ವಿಸ್ ಸೆಂಟರಿನ ಯಾರ್ಡಿನಲ್ಲಂತೂ ಅದು ಒಮ್ಮೆಯೂ ಕೈಕೊಟ್ಟಿರಲಿಲ್ಲ. ಅಂದರೆ ದೋಷ ಕಾರಿನಲ್ಲಿದ್ದರೂ ಅದು ತಲೆಯೆತ್ತುತ್ತಿದ್ದದ್ದು ಒಂದೇ ಜಾಗದಲ್ಲಿ. ಈ ಪುಟಗಳನ್ನು ತೋರಿಸಿ, ಪರೀಕ್ಷೆಯನ್ನು ನಮ್ಮ ಬೇಸ್‌ಮೆಂಟಿನಲ್ಲಿಯೇ ಮಾಡಬೇಕೆಂದು ಲಿಖಿತವಾಗಿ ಕೇಳಿದೆ. ಒಪ್ಪಿಸಲು ತುಸು ಸಮಯ ಹಿಡಿಯಿತು. ಕೊನೆಗೆ ಒಂದು ಶನಿವಾರ ಬೆಳಿಗ್ಗೆ ಅವರ ಹಿರಿಯ ಎಲೆಕ್ಟ್ರಿಕಲ್ ಟೆಕ್ನಿಷಿಯನ್ ಬಂದರು.

ಅವರ ಕೆಲಸವನ್ನು ನೋಡುವುದೇ ನನಗೆ ಒಂದು ಸಂತೋಷವಾಗಿತ್ತು. ಬ್ಯಾಟರಿ ಇರುವುದು ಡಿಕ್ಕಿಯ ನೆಲದ ಕೆಳಗೆ. ಡಿಕ್ಕಿ ತೆರೆದಿದ್ದರೆ ಕಾರು ನಿದ್ದೆ ಹೋಗದಾದ್ದರಿಂದ, ಅವರು ಡಿಕ್ಕಿಯನ್ನು ತೆರೆದಿಟ್ಟೇ ಅದರ ಲಾಕಿನ ಕೊಕ್ಕೆಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದರು. ಕಾರಿನ ಮಟ್ಟಿಗೆ ಡಿಕ್ಕಿ ಮುಚ್ಚಿದ ಹಾಗಾಯಿತು. ಫ್ಯೂಸ್ ಬಾಕ್ಸು ಕೂಡ ಡಿಕ್ಕಿಯ ಪಕ್ಕದಲ್ಲಿಯೇ ಇದ್ದದ್ದು ಅನುಕೂಲವಾಯಿತು. ಕೀಲಿ ಹತ್ತಿರವಿದ್ದರೂ ಕಾರು ಎಚ್ಚರಗೊಳ್ಳಬಹುದೆಂದು ಅದನ್ನು ಮೇಲೆ ಮನೆಗೆ ಕಳಿಸಿದೆವು. ಬ್ಯಾಟರಿಯ ನೆಗೆಟಿವ್ ಕೇಬಲ್ಲಿಗೆ ಕ್ಲ್ಯಾಂಪ್ ಮೀಟರ್ (ಕೇಬಲ್ಲನ್ನು ಬಿಚ್ಚದೆ ಅದರ ಸುತ್ತ ಹಿಡಿದು ಕರೆಂಟು ಅಳೆಯುವ ಉಪಕರಣ) ಹಾಕುವ ಮೊದಲು, ಕೇಬಲ್ಲಿನ ಪಕ್ಕದಲ್ಲಿ ಅದೇ ಕೋನದಲ್ಲಿ ಹಿಡಿದು ಸೊನ್ನೆಗೆ ತಂದರು. ಡಿಸಿ ಕ್ಲ್ಯಾಂಪು ಭೂಮಿಯ ಕಾಂತಕ್ಷೇತ್ರಕ್ಕೂ ಸ್ಪಂದಿಸುತ್ತದೆ, ಮಿಲಿಆಂಪಿಯರ್ ಅಳೆಯುವಾಗ ಅಷ್ಟೇ ಸಾಕು ಲೆಕ್ಕ ತಪ್ಪಲು. ಬಹಳ ಮಂದಿ ಇದನ್ನು ಮರೆಯುತ್ತಾರೆ. ಆಮೇಲೆ ಯಾರೂ ಕಾರನ್ನು ಮುಟ್ಟದೆ, ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತೆವು.

ಮೊದಲು 9 ಆಂಪಿಯರ್ ತೋರಿಸುತ್ತಿದ್ದ ಮೀಟರ್ ನಿಧಾನವಾಗಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. 4, ಆಮೇಲೆ 2, ಆಮೇಲೆ 1.1. ಕೊನೆಗೆ 0.7ಕ್ಕೆ, ಅಂದರೆ 700 ಮಿಲಿಆಂಪಿಯರಿಗೆ, ಬಂದು ನಿಂತದ್ದು ಅಲ್ಲಿಂದ ಕದಲಲಿಲ್ಲ. ಮುಕ್ಕಾಲು ಗಂಟೆ ಕಳೆಯಿತು, ಒಂದು ಗಂಟೆ ಕಳೆಯಿತು, ಮೀಟರ್ 0.7ರ ಸುತ್ತಲೇ ಆಡುತ್ತಿತ್ತು. ಅದೇ ಕಾರು ಅವರ ಯಾರ್ಡಿನಲ್ಲಿ ಹಿಂದಿನ ದಿನ 22 ಮಿಲಿಆಂಪಿಯರಿಗೆ ಇಳಿದಿತ್ತು. 0.7 ಆಂಪಿಯರ್ ಎಂದರೆ ದಿನಕ್ಕೆ ಸುಮಾರು 17 ಆಂಪಿಯರ್-ಅವರ್. ನನ್ನ ನೋಟ್‌ಬುಕ್ಕಿನ ಲೆಕ್ಕಕ್ಕೆ ಅದು ಸರಿಯಾಗಿ ಹೊಂದುತ್ತಿತ್ತು.

ಈ ಹಂತದಲ್ಲಿ ಫ್ಯೂಸ್‌ಗಳನ್ನು ಒಂದೊಂದಾಗಿ ಕಿತ್ತು ನೋಡುವುದು ಹಳೆಯ ಪದ್ಧತಿ. ಅವರು ಹಾಗೆ ಮಾಡಲಿಲ್ಲ. ಕಿತ್ತ ಫ್ಯೂಸನ್ನು ಮತ್ತೆ ಹಾಕಿದ ಕೂಡಲೇ ಆ ಯೂನಿಟ್ ಎಚ್ಚರಗೊಂಡು, ಇಡೀ ಕಾಯುವಿಕೆ ಮೊದಲಿನಿಂದ ಶುರುವಾಗುತ್ತದೆ. ಕೆಲವೊಮ್ಮೆ ಸಿಕ್ಕಿಹಾಕಿಕೊಂಡ ಯೂನಿಟ್ ಸರಿಹೋಗಿ ದೋಷವೇ ಮಾಯವಾಗುತ್ತದೆ. ಬದಲಿಗೆ ಪ್ರತಿ ಫ್ಯೂಸಿನ ಬೆನ್ನಿನಲ್ಲಿ ಕಾಣುವ ಎರಡು ಸಣ್ಣ ಲೋಹದ ಚುಕ್ಕೆಗಳ ಮೇಲೆ ಮಲ್ಟಿಮೀಟರಿನ ಮೊನೆಗಳನ್ನಿಟ್ಟು ಮಿಲಿವೋಲ್ಟ್ ಓದುತ್ತ ಹೋದರು. ಫ್ಯೂಸಿಗೂ ಅತ್ಯಲ್ಪ ರೋಧವಿದೆ, ಕರೆಂಟು ಹರಿಯುತ್ತಿದ್ದರೆ ಅದರ ಎರಡು ತುದಿಗಳ ನಡುವೆ ಅಷ್ಟೇ ಅಲ್ಪ ವೋಲ್ಟೇಜು ಹುಟ್ಟುತ್ತದೆ. ಓಮ್‌ನ ನಿಯಮವನ್ನು ಇಷ್ಟು ಮೃದುವಾಗಿ, ಏನನ್ನೂ ಕದಲಿಸದೆ ಬಳಸುವುದನ್ನು ಕಂಡು ನನಗೆ ನಮ್ಮ ಟೆಸ್ಟಿಂಗ್ ವಿಭಾಗದ ದಿನಗಳೇ ನೆನಪಾದವು. ಸೊನ್ನೆ, ಸೊನ್ನೆ, 0.1, ಸೊನ್ನೆ. 5 ಆಂಪಿಯರ್‌ನ ಒಂದು ಸಣ್ಣ ಫ್ಯೂಸಿನ ಮೇಲೆ ಮಾತ್ರ 7 ಮಿಲಿವೋಲ್ಟ್. ಅಂಥ ಫ್ಯೂಸಿನ ರೋಧ ಸುಮಾರು 17 ಮಿಲಿಓಮ್, ಅಂದರೆ 0.4 ಆಂಪಿಯರ್ ಆ ಒಂದೇ ದಾರಿಯಲ್ಲಿ ಹೋಗುತ್ತಿತ್ತು. ಅದು ಟೆಲಿಮ್ಯಾಟಿಕ್ಸ್ ಯೂನಿಟ್ಟಿನ ಫ್ಯೂಸು.

ಅಷ್ಟು ಹೊತ್ತಿಗೆ ಕೆಳಗೆ ಬಂದಿದ್ದ ನಮ್ಮ ಸೆಕ್ಯುರಿಟಿಯವರು ಕರೆ ಮಾಡಲೆಂದು ಮೊಬೈಲ್ ಹಿಡಿದು ರ‍್ಯಾಂಪಿನ ಕಡೆ ನಡೆದರು. "ಇಲ್ಲಿ ಟವರ್ ಸಿಗಲ್ವಾ?" ಎಂದು ಟೆಕ್ನಿಷಿಯನ್ ಕೇಳಿದರು. "ಒಂದು ಕಡ್ಡಿನೂ ಸಿಗಲ್ಲ ಸಾರ್, ಮೇಲೇ ಹೋಗ್ಬೇಕು" ಎಂದರು ಅವರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಟೆಲಿಮ್ಯಾಟಿಕ್ಸ್ ಯೂನಿಟ್ ಎಂದರೆ ಕಾರಿನೊಳಗಿನ ಮೊಬೈಲೇ. ಅದರಲ್ಲಿ ಸಿಮ್ ಇದೆ, ಆಂಟೆನಾ ಇದೆ; ಫೋನಿನ ಆ್ಯಪ್‌ನಿಂದ ಬೀಗ ಹಾಕುವುದು, ಕಾರು ಎಲ್ಲಿದೆಯೆಂದು ನೋಡುವುದು, ಅಪಘಾತವಾದಾಗ ತಾನಾಗಿ ಸಹಾಯಕ್ಕೆ ಕರೆ ಮಾಡುವುದು ಎಲ್ಲವೂ ಅದರ ಕೆಲಸ. ಶಿರಾಡಿ ಘಾಟಿಯಲ್ಲಿ ಹೋಗುವಾಗ ನೆಟ್‌ವರ್ಕ್ ಹುಡುಕಿ ಹುಡುಕಿ ನಮ್ಮ ಫೋನಿನ ಬ್ಯಾಟರಿ ಹೇಗೆ ಬೇಗ ಇಳಿಯುತ್ತದೋ ಇಲ್ಲಿಯೂ ಹಾಗೆಯೇ. ನೆಟ್‌ವರ್ಕ್ ಸಿಗದಿದ್ದರೆ ಸ್ವಲ್ಪ ಹೊತ್ತು ಪ್ರಯತ್ನಿಸಿ ಮಲಗಬೇಕಿದ್ದ ಯೂನಿಟ್, ಮಲಗದೆ ಹುಡುಕುತ್ತಲೇ ಇದ್ದು, ತನ್ನ ಜೊತೆಗೆ, ಯೂನಿಟ್‌ಗಳ ನಡುವೆ ಸಂದೇಶಗಳನ್ನು ದಾಟಿಸುವ ಗೇಟ್‌ವೇ ಯೂನಿಟ್ಟನ್ನೂ ಎಚ್ಚರವಾಗಿಟ್ಟಿತ್ತು. ಉಳಿದ 0.3 ಆಂಪಿಯರ್ ಅಲ್ಲಿ ಹೋಗುತ್ತಿತ್ತು. ಟವರ್ ಚೆನ್ನಾಗಿ ಸಿಗುವ ಯಾರ್ಡಿನಲ್ಲಿ ಎಷ್ಟು ದಿನ ನಿಲ್ಲಿಸಿ ಪರೀಕ್ಷಿಸಿದರೂ ಇದು ಸಿಗುತ್ತಿರಲಿಲ್ಲ. ಖಚಿತಪಡಿಸಿಕೊಳ್ಳಲು ಅವರು ಈಗ ಆ ಒಂದು ಫ್ಯೂಸನ್ನು ಕಿತ್ತರು. ಕೆಲವೇ ನಿಮಿಷಗಳಲ್ಲಿ ಕ್ಲ್ಯಾಂಪ್ ಮೀಟರ್ 24 ಮಿಲಿಆಂಪಿಯರಿಗೆ ಇಳಿದು ನಿಂತಿತು.

ಮಧ್ಯಾಹ್ನ ಫೋನಿನಲ್ಲಿ ಅಡ್ವೈಸರ್ ಸೂಚಿಸಿದ ಪರಿಹಾರ, ಆ ಫ್ಯೂಸನ್ನು ಸದ್ಯಕ್ಕೆ ತೆಗೆದೇ ಇಡುವುದು. ನಾನು ಒಪ್ಪಲಿಲ್ಲ. ಮಗಳು ರಾತ್ರಿ ಹೊತ್ತು ಒಬ್ಬಳೇ ಹೆದ್ದಾರಿಯಲ್ಲಿ ಓಡಿಸುವ ಕಾರು ಅದು. ಅಪಘಾತದ ಕರೆ ಹೋಗುವುದೇ ಆ ಯೂನಿಟ್ಟಿನಿಂದ. ದೋಷಕ್ಕೆ ಬದಲಾಗಿ ಸುರಕ್ಷತೆಯನ್ನು ಬಿಟ್ಟುಕೊಡುವುದನ್ನು ರಿಪೇರಿ ಎಂದು ಕರೆಯಲಾಗದು. ಟೆಕ್ನಿಷಿಯನ್ ನನ್ನ ಪರವಾಗಿಯೇ ಮಾತಾಡಿ, ಎರಡೂ ಜಾಗಗಳ ಅಳತೆಗಳನ್ನು ಫೋಟೋ ಸಮೇತ ಕಂಪನಿಗೆ ಕಳಿಸಿದರು. ಅಲ್ಲಿಂದ ಬಂದ ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿದರೂ ಪೂರ್ತಿ ಗುಣ ಕಾಣದಿದ್ದಾಗ, ಯೂನಿಟ್ಟನ್ನೇ ವಾರಂಟಿಯಲ್ಲಿ ಬದಲಿಸಿದರು. ಪರೀಕ್ಷೆ ಮತ್ತೆ ನಮ್ಮ ಬೇಸ್‌ಮೆಂಟಿನಲ್ಲಿಯೇ ನಡೆಯಿತು, ಮೀಟರ್ 23 ಮಿಲಿಆಂಪಿಯರಿಗೆ ಇಳಿಯಿತು.

ಬ್ಯಾಟರಿಯ ವಿಷಯ ಉಳಿದಿತ್ತು. ಪದೇ ಪದೇ ಪೂರ್ತಿ ಖಾಲಿಯಾದ ಸೀಸದ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು, ಅದರ ಸಾಮರ್ಥ್ಯ ಶಾಶ್ವತವಾಗಿ ಕುಗ್ಗುತ್ತದೆ. ಆದ್ದರಿಂದ ಮೂಲ ದೋಷ ನೀಗಿದ ಮೇಲೆ ಬ್ಯಾಟರಿಯನ್ನು ಮತ್ತೊಮ್ಮೆ ಬದಲಿಸಿಕೊಡಬೇಕೆಂದು ಕೇಳಿದೆ. ಟೆಸ್ಟರಿನಲ್ಲಿ ಅದು ಫೇಲ್ ಆದ್ದರಿಂದ ತಕರಾರಿಲ್ಲದೆ ಕೊಟ್ಟರು. ಹೊಸ ಬ್ಯಾಟರಿ ಬಂದಿದೆಯೆಂದು ಕಾರಿನ ಕಂಪ್ಯೂಟರಿಗೆ ತಿಳಿಸುವ ರಿಜಿಸ್ಟ್ರೇಷನ್ ಕೂಡ ನನ್ನ ಮುಂದೆಯೇ ಆಯಿತು. ಅದನ್ನು ಮಾಡದಿದ್ದರೆ ಕಾರು ಹಳೆಯ ಬ್ಯಾಟರಿಯ ವಯಸ್ಸಿಗೆ ತಕ್ಕಂತೆಯೇ ಹೊಸದನ್ನೂ ಚಾರ್ಜ್ ಮಾಡುತ್ತ ಹೋಗಬಹುದು.

ಕಾರನ್ನು ತರುವ ಮೊದಲು ಜಾಬ್ ಕಾರ್ಡನ್ನು ಓದಿದೆ. "ಯೂನಿಟ್ ಬದಲಿಸಲಾಗಿದೆ" ಎಂದಷ್ಟೇ ಇತ್ತು. ಯಾವ ಜಾಗದಲ್ಲಿ, ನೆಟ್‌ವರ್ಕ್ ಇಲ್ಲದಿರುವಾಗ, ಎಷ್ಟು ಕರೆಂಟು, ಬದಲಿಸಿದ ಮೇಲೆ ಎಷ್ಟು ಎಂಬುದನ್ನೆಲ್ಲ ಅಂಕಿಗಳ ಸಮೇತ ಸೇರಿಸಿ, ಸೀಲು ಹಾಕಿ ಕೊಡುವಂತೆ ಕೇಳಿದೆ. ವಾರಂಟಿ ಮುಗಿದ ಮೇಲೆ ಇದೇ ದೋಷ ಮರುಕಳಿಸಿದರೆ, ಅದು ವಾರಂಟಿಯ ಅವಧಿಯಲ್ಲೇ ದಾಖಲಾಗಿತ್ತೆಂದು ತೋರಿಸಲು ಆ ಒಂದು ಹಾಳೆ ಬೇಕಾಗುತ್ತದೆ. ಅಡ್ವೈಸರ್ ಹೊಸದಾಗಿ ಟೈಪ್ ಮಾಡಿಸಿ ಕೊಟ್ಟ, ಟೆಕ್ನಿಷಿಯನ್ ಅದರ ಕೆಳಗೆ ಸಹಿ ಹಾಕಿದರು.