ಪೆನ್ನು ಯಾರ ಕೈಯಲ್ಲಿ?

ಸೆಕೆಂಡ್ ಪಿಯುಸಿ ಕೆಮಿಸ್ಟ್ರಿ ಯೂನಿಟ್ ಟೆಸ್ಟ್ ಪೇಪರ್ ತಿದ್ದುತ್ತಾ ಕೂತಿದ್ದೆ. ಮೆಗ್ನೀಸಿಯಂ ಮತ್ತು ಬೆಳ್ಳಿಯ ಸೆಲ್ ಎಷ್ಟು ವೋಲ್ಟ್ ಕೊಡುತ್ತದೆ ಅನ್ನುವ 3 ಅಂಕದ ಲೆಕ್ಕ. ಸರಿ ಉತ್ತರ 2.96. ಮೊದಲ ಪೇಪರ್‌ನಲ್ಲಿ 3.08 ಇತ್ತು. ಮುಂದಿನದರಲ್ಲೂ 3.08. ಎಲ್ಲ ಮುಗಿಸಿ ಎಣಿಸಿದರೆ 11 ಪೇಪರ್‌ಗಳಲ್ಲಿ ಅದೇ ಉತ್ತರ.

ಸೆಲ್‌ನ ವೋಲ್ಟ್ ಲೆಕ್ಕ ಹಾಕುವ ನರ್ನ್‌ಸ್ಟ್ ಸಮೀಕರಣದಲ್ಲಿ ಬೆಳ್ಳಿ ಅಯಾನಿನ ಸಾರತೆ 0.0001 ಅನ್ನು ಸ್ಕ್ವೇರ್ ಮಾಡಬೇಕಿತ್ತು, ಮಾಡಿಲ್ಲ. 1 ಕೋಟಿ 30 ಲಕ್ಷಕ್ಕೆ ಲಾಗ್ ತೆಗೆಯುವ ಬದಲು ಬರೀ 1300ಕ್ಕೆ ತೆಗೆದಿದ್ದಾರೆ. ಕಾಪಿ ಹೊಡೆದಿದ್ದಾರೆ ಅಂದುಕೊಂಡೆ. ಆದರೆ ಕೂತಿದ್ದು ಬೇರೆ ಬೇರೆ ಸಾಲಿನಲ್ಲಿ. ಕರೆದು ಕೇಳಿದರೆ, "ಸರ್, ನಿನ್ನೆ ರಾತ್ರಿ ಹಾಸ್ಟೆಲ್‌ನಲ್ಲಿ ಅವನೇ ಹೇಳಿಕೊಟ್ಟಿದ್ದು" ಅಂದರು. ಅವನು ಅಂದರೆ ಲೆಕ್ಕದಲ್ಲಿ ತರಗತಿಗೇ ಮುಂದಿರುವ ಹುಡುಗ. ಅವನ ಪೇಪರ್‌ನಲ್ಲೂ 3.08, ಕೆಳಗೆ ಸ್ಕೇಲ್ ಇಟ್ಟು ಎರಡು ಗೆರೆ.

ಆಗ ನಾನೊಂದು ತಪ್ಪು ಮಾಡಿದೆ. ಎಲ್ಲರ ಮುಂದೆ, "ನಿನಗೇ ಬರಲ್ಲ, ಊರಿಗೆಲ್ಲಾ ಪಾಠ ಬೇರೆ" ಅಂದುಬಿಟ್ಟೆ. ತರಗತಿ ನಕ್ಕಿತು. ಅವನು ತಲೆ ತಗ್ಗಿಸಿ ಕೂತ. ಹದಿನೆಂಟು ವರ್ಷ ಪಾಠ ಮಾಡಿದವನು ಆಡುವ ಮಾತಲ್ಲ ಅದು.

ಮುಂದಿನ ಟೆಸ್ಟ್‌ನಲ್ಲಿ ಒಂದೇ ತರಹದ ತಪ್ಪು ಇರಲಿಲ್ಲ. ಅದರ ಬದಲು ಏಳು ಜನ ಲೆಕ್ಕವನ್ನು ಮುಟ್ಟಿಯೇ ಇರಲಿಲ್ಲ, ಜಾಗ ಖಾಲಿ. ಹಾಸ್ಟೆಲ್‌ನಲ್ಲಿ ರಾತ್ರಿ ಕೂರುವುದು ನಿಂತುಹೋಗಿತ್ತು. ಉತ್ತರ ತಪ್ಪಾದರೂ ಫಾರ್ಮುಲಾ, ಸ್ಟೆಪ್ಸ್ ಬರೆದಿದ್ದರೆ ಒಂದೋ ಎರಡೋ ಅಂಕ ಬರುತ್ತಿತ್ತು. ಖಾಲಿ ಹಾಳೆಗೆ ಏನು ಕೊಡಲಿ?

ಅದೇ ವಾರ ಸಂಜೆ ವರಾಂಡದಲ್ಲಿ ಬಸ್ಸಿಗೆ ಕಾಯುತ್ತಾ ಇಬ್ಬರು ಕೂತಿದ್ದರು, ಒಬ್ಬ ಹುಡುಗ, ಒಬ್ಬಳು ಹುಡುಗಿ. ಹುಡುಗ ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ, ನಮ್ಮಲ್ಲಿ ಅಂಥವರೇ ಜಾಸ್ತಿ. ಬೆಂಜೀನ್‌ನಲ್ಲಿ ಕರಗಿಸಿದ ವಸ್ತುವಿನ ಮೋಲಾರ್ ಮಾಸ್, ಅಂದರೆ ಅಣುತೂಕ, ಕಂಡುಹಿಡಿಯುವ ಲೆಕ್ಕ. ಬೆಂಜೀನ್ ಕುದಿಯುವ ಬಿಂದು 353.23 ಕೆಲ್ವಿನ್, ಆ ವಸ್ತು ಹಾಕಿದ ಮೇಲೆ 'ರೈಸ್ಡ್ ಟು 354.11'. ಇವನು 354.11 ಅನ್ನೇ ನೇರವಾಗಿ ಫಾರ್ಮುಲಾಗೆ ಹಾಕಿದ್ದ. ಮೋಲಾರ್ ಮಾಸ್ 0.14 ಬಂದಿತ್ತು. ಹೈಡ್ರೋಜನ್ ಪರಮಾಣುವಿನದೇ 1 ಇರುವಾಗ 0.14ರ ವಸ್ತು ಎಲ್ಲಿಂದ ಬರಬೇಕು! 'ಡೆಲ್ಟಾ ಟಿ ಅಂದರೆ ವ್ಯತ್ಯಾಸ' ಅಂತ ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೆನೋ.

ಪಕ್ಕದ ಹುಡುಗಿ ಡೆಲ್ಟಾ ಸುದ್ದಿಗೇ ಹೋಗಲಿಲ್ಲ.

"ಬಸ್ ಚಾರ್ಜು 50 ರೂಪಾಯಿಗೆ ಏರ್ತು ಅಂದ್ರೆ 50 ರೂಪಾಯಿ ಜಾಸ್ತಿ ಆಯ್ತಾ?"

"ಇಲ್ಲ. ಮೊದ್ಲು ಎಷ್ಟಿತ್ತೋ ಅದನ್ನ ಕಳೀಬೇಕು."

"ಮತ್ತೆ ಇಲ್ಲೂ ಕಳಿ."

ಕಳೆದ. 0.88. ಉತ್ತರ 58ರ ಹತ್ತಿರ ಬಂತು. (ಶಕ್ತಿ ಯೋಜನೆಯಲ್ಲಿ ಅವಳಿಗೆ ಬಸ್ಸು ಫ್ರೀ, ಆದರೂ ಉದಾಹರಣೆ ಬಸ್ ಚಾರ್ಜಿನದೇ!) ಅವನಿಗೆ ತೊಡಕಾಗಿದ್ದು ಕೆಮಿಸ್ಟ್ರಿ ಅಲ್ಲವೇ ಅಲ್ಲ. 'ಇಷ್ಟಕ್ಕೆ ಏರಿತು', 'ಇಷ್ಟು ಏರಿತು' ಇವೆರಡರ ನಡುವಿನ 'ಕ್ಕೆ' ಅವನಿಗೆ ಇಂಗ್ಲಿಷಿನಲ್ಲಿ ಕಂಡಿರಲಿಲ್ಲ. ಅದು ನನಗೂ ಕಂಡಿರಲಿಲ್ಲ.

ಮಾರನೇ ದಿನ ಆ ಹಾಸ್ಟೆಲ್ ಹುಡುಗನಿಗೆ ಅಂದ ಮಾತನ್ನು ಅದೇ ತರಗತಿಯಲ್ಲಿ ವಾಪಸ್ ತಗೊಂಡೆ. ಶನಿವಾರದ ಕೊನೆಯ ಪೀರಿಯಡ್ ಜೋಡಿ ಲೆಕ್ಕಕ್ಕೆ ಅಂತ ಬಿಟ್ಟುಕೊಟ್ಟೆ. ಒಂದೇ ನಿಯಮ: ಪೆನ್ನು ಗೊತ್ತಿಲ್ಲದವರ ಕೈಯಲ್ಲಿರಬೇಕು. ಗೊತ್ತಿರುವವರು ಬಾಯಲ್ಲಿ ಹೇಳಬಹುದು, ಬರೆಯುವ ಹಾಗಿಲ್ಲ. ಹಾಸ್ಟೆಲ್‌ನಲ್ಲಿ ಆಗಿದ್ದು ಇದರ ಉಲ್ಟಾ ಅಲ್ವಾ? ಅವನು ಬರೆಯುತ್ತಿದ್ದ, ಹತ್ತು ಜನ ನೋಡಿಕೊಂಡು ಇಳಿಸುತ್ತಿದ್ದರು. ಯಾರ ಕೈಯೂ ಎಲ್ಲೂ ನಿಲ್ಲುತ್ತಿರಲಿಲ್ಲ.

ಮೂರನೇ ಶನಿವಾರ ಅದೇ ಬೆಳ್ಳಿ ಲೆಕ್ಕ. ಅವನ ಜೋಡಿಯ ಹುಡುಗಿ ಪೆನ್ನು ನಿಲ್ಲಿಸಿ, "ಇಲ್ಲಿ ಸ್ಕ್ವೇರ್ ಯಾಕೆ?" ಅಂದಳು. "ಫಾರ್ಮುಲಾದಲ್ಲಿದೆ." ಅವಳು ಬರೆಯಲಿಲ್ಲ. ಸ್ಕ್ವೇರ್ ಹಾಕಬೇಕು ಅಂತ ಅವನಿಗೆ ಈಗ ಗೊತ್ತು, ಯಾಕೆ ಅಂತ ಗೊತ್ತಿಲ್ಲ. ನಾನೂ ಅವನ ಪೇಪರ್ ಮೇಲೆ ಕೆಂಪು ಇಂಕಿನಲ್ಲಿ 'ಸ್ಕ್ವೇರ್!' ಅಂತ ಗೀಚಿ ಸುಮ್ಮನಾಗಿದ್ದೆ. ಸ್ವಲ್ಪ ಹೊತ್ತು ಯೋಚಿಸಿ, "ಮೆಗ್ನೀಸಿಯಂ ಎಷ್ಟು ಎಲೆಕ್ಟ್ರಾನ್ ಬಿಡುತ್ತೆ?" ಅಂದ. ಎರಡು. "ಒಂದು ಬೆಳ್ಳಿ ಅಯಾನು ಎಷ್ಟು ತಗೊಳ್ಳುತ್ತೆ?" ಒಂದು. "ಹಂಗಾದ್ರೆ ಎರಡು ಬೆಳ್ಳಿ ಬೇಕು..." ಅಂತ ಅರ್ಧಕ್ಕೇ ನಿಲ್ಲಿಸಿ ನನ್ನ ಕಡೆ ನೋಡಿದ. ನಾನು ಕಿಟಕಿ ಕಡೆ ತಿರುಗಿಕೊಂಡೆ.

ಇದೇನು ಎಲ್ಲದಕ್ಕೂ ಮದ್ದಲ್ಲ. ಒಂದು ಪೀರಿಯಡ್‌ಗೆ ಎರಡು ಲೆಕ್ಕ ಮುಗಿದರೆ ಹೆಚ್ಚು. ಆರ್ಗಾನಿಕ್ ಕೆಮಿಸ್ಟ್ರಿಯಲ್ಲಿ ವಿಜ್ಞಾನಿಗಳ ಹೆಸರಿನಲ್ಲಿರುವ ರಿಯಾಕ್ಷನ್‌ಗಳಿಗೆ ಇದು ಕೆಲಸಕ್ಕೆ ಬರಲಿಲ್ಲ, ಅವನ್ನು ಕೂತು ಬಾಯಿಪಾಠ ಮಾಡಲೇಬೇಕು. ಮಗಳ ಟೈಮ್ ವೇಸ್ಟ್ ಆಗ್ತಿದೆ ಅಂತ ಒಬ್ಬರು ಪೋಷಕರು ಬಂದು ಜಗಳವನ್ನೂ ಆಡಿದರು. ಅವರ ಮಾತು ಪೂರ್ತಿ ಸುಳ್ಳು ಅನ್ನಲಾರೆ.

ಹಾಸ್ಟೆಲ್ ಹುಡುಗನಿಗೆ ಮಾತ್ರ ಇನ್ನೂ ಕೈ ಕಟ್ಟಿ ಕೂರಲು ಆಗುವುದಿಲ್ಲ. ಪೆನ್ನು ಸಿಗದಿದ್ದರೆ ಬೆಂಚಿನ ಮೇಲೆ ಬೆರಳಲ್ಲೇ ಬರೆಯುತ್ತಾನೆ.