ಲಿಫ್ತಾ ಮಾದರಿ: ಕೆಲಸ ಚಾವಣಿಗೆ ಬಂತು

ನಾನು ಮಾಡುತ್ತಿರುವ ಲಿಫ್ತಾ ಹಳ್ಳಿಯ ಪುಟ್ಟ ಮಾದರಿಯಲ್ಲಿ ಇಳಿಜಾರಿನ ಕೆಲಸ ಮುಗಿಯಿತು. ಸಮೋನ್ನತಿ ರೇಖೆಗಳ (ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳು) ಪ್ರಕಾರ ಸನ್‌ಬೋರ್ಡ್ ಎಂಬ ಹಗುರ ಫೋಮ್ ಹಾಳೆ ಕತ್ತರಿಸಿ ಪದರ ಪದರವಾಗಿ ಅಂಟಿಸಿದ ಮೇಲೆ ಲಿಫ್ತಾದ ಕಣಿವೆಗೆ ಈಗ ಆಕಾರ ಬಂದಿದೆ. ಆಧಾರಕ್ಕೆ ಇಟ್ಟುಕೊಂಡಿರುವುದು ಪ್ಯಾಲೆಸ್ಟೀನ್ ಬ್ರಿಟಿಷರ ಆಳ್ವಿಕೆಯಲ್ಲಿದ್ದಾಗ ತಯಾರಾದ 1:20,000 ಅಳತೆಯ ಸರ್ವೆ ನಕ್ಷೆ. ಆ ಅಳತೆಯಲ್ಲಿ ಮನೆಗಳು ಬರೀ ಚುಕ್ಕಿ, ಹಾಗಾಗಿ ಮನೆಗಳ ವಿವರಕ್ಕೆ ಫೋಟೋಗಳೇ ಗತಿ.

ಹೊಸದಾಗಿ ಓದುತ್ತಿರುವವರಿಗೆ: ಲಿಫ್ತಾ ಜೆರುಸಲೇಮಿನ ವಾಯವ್ಯ ಅಂಚಿನ ಪ್ಯಾಲೆಸ್ಟೀನಿ ಹಳ್ಳಿ. 1931ರ ಜನಗಣತಿಯಲ್ಲಿ 1,893 ಜನ, 410 ಮನೆ. 1945ಕ್ಕೆ ಜನಸಂಖ್ಯೆ 2,550. ಊರಿನ ಜಮೀನು ಅಲ್ಲಿನ ಅಳತೆಯಲ್ಲಿ 8,743 ದುನಮ್, ನಮ್ಮ ಲೆಕ್ಕದಲ್ಲಿ ಸುಮಾರು 2,160 ಎಕರೆ. ಊರ ನಡುವಿನ ಬುಗ್ಗೆಯ ನೀರು ಕೆಳಗಿನ ಮೆಟ್ಟಿಲು ಹೊಲಗಳಿಗೆ ಹರಿಯುತ್ತಿತ್ತು, ಅಲ್ಲಿ ಬೆಳೆದ ತರಕಾರಿ ಜೆರುಸಲೇಮಿನ ಸಂತೆಗೆ ಹೋಗುತ್ತಿತ್ತು.

ಈಗಿನ ಕೆಲಸವೆಲ್ಲ ಚಾವಣಿಯದು. ಅಲ್ಲಿನ ಹಳೆಯ ಮನೆಗಳಿಗೆ ಅಡ್ಡಡ್ಡ ಹಾಯುವ ಎರಡು ಕಮಾನುಗಳ ಚಾವಣಿ. ತೊಲೆಯೂ ಇಲ್ಲ, ಕಬ್ಬಿಣವೂ ಇಲ್ಲ; ಭಾರವೆಲ್ಲ ನಾಲ್ಕು ಮೂಲೆಗೆ ಇಳಿಯುತ್ತದೆ, ಅದಕ್ಕೇ ಗೋಡೆ ಅಷ್ಟು ದಪ್ಪ. ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ, ತುಂಡುಗಳ ತುದಿಯನ್ನು 45 ಡಿಗ್ರಿಗೆ ಕೊಯ್ದು ಕೂಡುಗುರುತಿನಂತೆ ಜೋಡಿಸಿದರೆ ಅಚ್ಚು ಸಿದ್ಧ. ಎಣ್ಣೆ ಸವರಿ, ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಕಿ, ಒಣಗಿದ ಮೇಲೆ ಮೆಲ್ಲಗೆ ಎತ್ತಬೇಕು. ಮಗುಚಿ ನೋಡಿದರೆ ನಾಲ್ಕು ಮೂಲೆಯಿಂದ ಎದ್ದ ಏಣುಗಳು ನಟ್ಟನಡುವೆ ಸೇರಿರುತ್ತವೆ. ನೋಡುತ್ತಲೇ ಇರಬೇಕು ಅನ್ನಿಸುತ್ತದೆ.

ಇಂದು ಉಳಿದಿರುವ ಸುಮಾರು 55 ಮನೆಗಳಲ್ಲಿ ಎಷ್ಟೋ ಮನೆಗಳಿಗೆ ಆ ನಟ್ಟನಡುವೆಯೇ ತೂತು. 1948ರ ನಂತರ ಇಸ್ರೇಲ್ ಸರ್ಕಾರ ಇಲ್ಲಿ ಯೆಮನ್‌ನಿಂದ ಬಂದ ಯಹೂದಿ ವಲಸಿಗರನ್ನು ಇರಿಸಿತ್ತು. ಅವರಲ್ಲಿ ಬಹುತೇಕರು ಬಿಟ್ಟುಹೋದ ಮೇಲೆ, ಮತ್ತೆ ಯಾರೂ ವಾಸ ಮಾಡಬಾರದೆಂದು ಅಧಿಕಾರಿಗಳೇ ಚಾವಣಿ ಒಡೆಸಿದರು. ನಾನು ತೂತು ತೋರಿಸುತ್ತಿಲ್ಲ. ತೋರಿಸಿದರೆ ನೋಡಿದವರು ಹಳೇ ಮನೆ, ಮಳೆಗಾಳಿಗೆ ಕುಸಿದಿದೆ ಅಂದುಕೊಳ್ಳುತ್ತಾರೆ. ಮಾದರಿಯ ಕಾಲ 1947, ಚಾವಣಿಗಳೆಲ್ಲ ಗಟ್ಟಿಯಾಗಿರುವಾಗಿನದು.

ಆ ವರ್ಷದ ಡಿಸೆಂಬರ್ 28ರಂದು ಊರಿನ ಕಾಫಿ ಅಂಗಡಿಯ ಮೇಲೆ ಯಹೂದಿ ಸಶಸ್ತ್ರ ಗುಂಪು ಗುಂಡಿನ ದಾಳಿ ಮಾಡಿತು. ಆರು ಜನ ಸತ್ತರು. ಹೆದರಿದ ಜನ ಊರು ಬಿಡತೊಡಗಿದರು. 1948ರ ಫೆಬ್ರವರಿ ಹೊತ್ತಿಗೆ ಲಿಫ್ತಾ ಖಾಲಿ. ಹೋದವರು ಪೂರ್ವ ಜೆರುಸಲೇಮ್, ರಾಮಲ್ಲಾ, ಜೋರ್ಡಾನ್ ಕಡೆ ಚದುರಿದರು. ಅವರನ್ನು ವಾಪಸ್ ಬರಗೊಡಲಿಲ್ಲ. ಆ ಜಾಗದಲ್ಲಿ ಐಷಾರಾಮಿ ಮನೆ, ಹೋಟೆಲ್ ಕಟ್ಟುವ ಟೆಂಡರನ್ನು 2012ರಲ್ಲಿ ಜೆರುಸಲೇಮಿನ ನ್ಯಾಯಾಲಯ ರದ್ದು ಮಾಡಿತು. 2021ರಲ್ಲಿ ಮತ್ತೆ ಟೆಂಡರ್ ಕರೆದರು, ವಿರೋಧ ಬಂದದ್ದಕ್ಕೆ ಮುಂದೂಡಿದರು. ನೆಲೆ ಕಳೆದುಕೊಂಡವರ ಮಕ್ಕಳು ಮೊಮ್ಮಕ್ಕಳು ಇರುವಾಗ ಅವರನ್ನು ಕೇಳದೆ ಅಲ್ಲಿ ಒಂದು ಇಟ್ಟಿಗೆಯನ್ನೂ ಇಡಬಾರದು ಎಂಬುದೇ ನನ್ನ ನಿಲುವು.

ಮುಂದಿನ ಕೆಲಸ ಊರಿನ ಮೇಲ್ಭಾಗ, ಜಾಫಾ ರಸ್ತೆಯ ಕಡೆಯದು. ಅದು ಈಗ ನಗರದೊಳಗೆ ಸೇರಿಹೋಗಿದೆ, ಹಾಗಾಗಿ ಇಂದಿನ ಉಪಗ್ರಹ ಚಿತ್ರದ ಮೇಲೆ ಹಳೇ ನಕ್ಷೆ ಕೂಡಿಸಿ ಒಂದೊಂದೇ ಕಟ್ಟಡದ ಜಾಗ ಗುರುತಿಸಬೇಕು. ಜೊತೆಗೆ ಆಲಿವ್ ಮರಗಳು. ಕಾಂಡಕ್ಕೆ ತಾಮ್ರದ ತಂತಿ ಹೆಣೆದದ್ದು ಚೆನ್ನಾಗಿ ಬಂದಿದೆ. ಎಲೆಯ ಆ ಬೂದು ಹಸಿರಿಗೆ ಏನು ಬಳಸಬಹುದು, ಮಾದರಿ ಮಾಡಿ ಅಭ್ಯಾಸವಿರುವವರು ಹೇಳಿ.