ಒಂದೇ ಕಡೆ ಹೆಡ್‌ಲೈಟ್ ಮಂಕಾದರೆ: ಬಲ್ಬ್ ಕೊಳ್ಳುವ ಮೊದಲು ಅರ್ಥ್ ನೋಡಿ

ಕಬ್ಬು ಕಡಿಯುವ ಕಾಲದಲ್ಲಿ ಮಂಡ್ಯ, ಪಾಂಡವಪುರದ ರಸ್ತೆಗಳಲ್ಲಿ ರಾತ್ರಿ ಓಡಾಡಿದವರಿಗೆ ಗೊತ್ತು. ಹಿಂದೆ ಒಂದು ಕೆಂಪು ದೀಪವೂ ಇಲ್ಲದ ಕಬ್ಬಿನ ಟ್ರ್ಯಾಕ್ಟರ್ ಹತ್ತಿರ ಹೋಗುವವರೆಗೆ ಕಾಣುವುದಿಲ್ಲ. ನಾಲೆ ಏರಿಯ ರಸ್ತೆಯಲ್ಲಿ ಡಾಂಬರು ಎಲ್ಲಿ ಮುಗಿಯಿತು ಅಂತ ತೋರಿಸುವುದು ಎಡಗಡೆಯ ಹೆಡ್‌ಲೈಟ್. ಅದು ಮಂಕಾದರೆ ಗಿರಾಕಿ ಬಂದು ಕೇಳುವುದು ಒಂದೇ ಮಾತು: "ಅಣ್ಣ, ಒಂದು ಬಲ್ಬ್ ಹಾಕ್ಕೊಡಿ." ಹೊಸ ಬಲ್ಬ್ ಹಾಕಿದ ಮೇಲೂ ಮಂಕು ಹಾಗೇ ಇದ್ದರೆ ಅವರ ದುಡ್ಡೂ ದಂಡ, ನಮ್ಮ ಮೇಲಿನ ನಂಬಿಕೆಯೂ ಹೋಯಿತು. ಆಟೋ ಎಲೆಕ್ಟ್ರಿಕಲ್ ಕೆಲಸ ಕಲಿಯುತ್ತಿರುವ ಹುಡುಗರಿಗೂ, ಸ್ವಂತ ಗಾಡಿಯನ್ನು ತಾವೇ ನೋಡಿಕೊಳ್ಳುವವರಿಗೂ ಇದನ್ನು ಬರೆದಿದ್ದೇನೆ. ಅರ್ಥ್ ಅಂದರೆ ಬಲ್ಬಿನಿಂದ ಕರೆಂಟ್ ಗಾಡಿಯ ತಗಡಿನ ಮೂಲಕ ಬ್ಯಾಟರಿ ಮೈನಸ್‌ಗೆ ವಾಪಸಾಗುವ ದಾರಿ.

ಮೊದಲ ಕೆಲಸಕ್ಕೆ ಖರ್ಚಿಲ್ಲ. ಎಡದ ಬಲ್ಬ್ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ ನೋಡಿ. ಮಂಕು ಬಲ್ಬಿನ ಜೊತೆಗೇ ಆ ಕಡೆ ಹೋದರೆ ತಪ್ಪು ಬಲ್ಬಿನದು. ಎಡದಲ್ಲೇ ಉಳಿದರೆ ವೈರಿಂಗ್, ಇಲ್ಲವೇ ಲ್ಯಾಂಪಿನದು (ಬಲ್ಬ್ ಕೂರುವ ಹೆಡ್‌ಲೈಟ್ ಡಬ್ಬಿ). ಹ್ಯಾಲೊಜೆನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಕೂತ ಜಾಗ ಹೆಚ್ಚು ಕಾದು ಗಾಜು ಕೆಡುತ್ತದೆ; ಮುಟ್ಟಿದ್ದರೆ ಸ್ಪಿರಿಟ್ ಹಾಕಿದ ಬಟ್ಟೆಯಲ್ಲಿ ಒರೆಸಿ. ಕೈಯಲ್ಲಿರುವಾಗಲೇ ಬುಡದ ಮೇಲಿನ ಬರಹವನ್ನೂ ಓದಿ. ಹೈ, ಲೋ ಎರಡೂ ಫಿಲಮೆಂಟ್ ಒಂದರಲ್ಲೇ ಇರುವ ಎಚ್4 ಬಲ್ಬಿನ ಸರಿಯಾದ ಅಳತೆ 60/55 ವ್ಯಾಟ್. ಒಂದು ಕಡೆ ಅದು, ಇನ್ನೊಂದು ಕಡೆ ಯಾರೋ ಹಾಕಿದ 100/90 ಇದ್ದರೆ ಅಲ್ಲಿಗೆ ಕಾರಣ ಸಿಕ್ಕಿತು. ಗಾಜಿನ ಒಳಗೆ ಬೂದು ಬಣ್ಣದ ಮಸಿ ಕಂಡರೆ ಫಿಲಮೆಂಟಿನ ಟಂಗ್‌ಸ್ಟನ್ ಸವೆದು ಗಾಜಿಗೆ ಅಂಟಿದೆ ಎಂದರ್ಥ. ಅಂಥ ಬಲ್ಬನ್ನು ಜೋಡಿಯಾಗಿಯೇ ಬದಲಾಯಿಸಿ. ಒಂದೇ ಹೊಸದು ಹಾಕಿದರೆ ಹಳೆಯದು ಇನ್ನೂ ಹಳದಿಯಾಗಿ ಕಾಣುತ್ತದೆ.

ಮಂಕು ಎಡದಲ್ಲೇ ಉಳಿಯಿತು ಅಂದುಕೊಳ್ಳಿ. ಈಗ ಮಲ್ಟಿಮೀಟರ್ ಬೇಕು, ಆದರೆ ತಡೆ ಅಳೆಯುವ ಓಮ್ಸ್‌ನಲ್ಲಿ ಅಲ್ಲ. ಹತ್ತಿಪ್ಪತ್ತು ಎಳೆಯ ತಂತಿಯಲ್ಲಿ ಒಂದೇ ಎಳೆ ಉಳಿದಿದ್ದರೂ ಓಮ್ಸ್ ಸರಿಯಾಗಿಯೇ ತೋರಿಸುತ್ತದೆ, ಬೀಪ್ ಕೂಡ ಬರುತ್ತದೆ. ಅದೇ ತಂತಿಯ ಮೇಲೆ 4.5 ಆಂಪಿಯರ್ ಹರಿದಾಗ ಮಾತ್ರ ಬಣ್ಣ ಬಯಲಾಗುವುದು. ಹಾಗಾಗಿ ಕಪ್ಲರ್ (ಬಲ್ಬಿನ ಹಿಂದೆ ಸಿಕ್ಕಿಸುವ ವೈರಿನ ಪ್ಲಗ್) ಬಲ್ಬಿನಲ್ಲೇ ಇರಲಿ, ಲೈಟ್ ಉರಿಯುತ್ತಿರಲಿ, ಎಂಜಿನ್ ಸ್ಟಾರ್ಟ್ ಇರಲಿ. ಮೀಟರನ್ನು ಡಿಸಿ 20 ವೋಲ್ಟ್‌ಗೆ ಇಟ್ಟು ಬ್ಯಾಟರಿ ಅಳೆಯಿರಿ: 13.8ರಿಂದ 14.4ರ ಆಸುಪಾಸು ಇರಬೇಕು. ಆಮೇಲೆ ಕಪ್ಲರಿನ ಹಿಂಬದಿಯಿಂದ ತೆಳು ಪಿನ್ ತೂರಿಸಿ ಎರಡು ಅಳತೆ ತೆಗೆಯಿರಿ. ಒಂದು, ಬ್ಯಾಟರಿ ಮೈನಸ್‌ನಿಂದ ಬಲ್ಬಿನ ಅರ್ಥ್ ಪಿನ್ನಿಗೆ, ಇದು 0.1 ವೋಲ್ಟ್, ಹೆಚ್ಚೆಂದರೆ 0.2. ಇನ್ನೊಂದು, ಬ್ಯಾಟರಿ ಪ್ಲಸ್‌ನಿಂದ ಬಲ್ಬಿನ ಪ್ಲಸ್ ಪಿನ್ನಿಗೆ, ಇದು 0.5ರ ಒಳಗಿರಬೇಕು. ಇವು ದಾರಿಯಲ್ಲೇ ಕಳೆದುಹೋಗುವ ವೋಲ್ಟ್, ಅಂದರೆ ಡ್ರಾಪ್. ಎರಡನ್ನೂ ಬಲಗಡೆಯೂ ತೆಗೆದು ಹೋಲಿಸಿ. ಕೆಲವು ಗಾಡಿಗಳಲ್ಲಿ ಬಲ್ಬಿನ ಕಾಮನ್ ಪಿನ್ನಿಗೆ ಪ್ಲಸ್ ಬಂದು ಡಿಪ್ಪರ್ ಸ್ವಿಚ್ ಅರ್ಥ್ ಕಡೆ ಕೆಲಸ ಮಾಡುತ್ತದೆ, ಆದ್ದರಿಂದ ಯಾವುದು ಯಾವ ಪಿನ್ ಅಂತ ಮೊದಲೇ ಗೊತ್ತುಮಾಡಿಕೊಳ್ಳಿ.

ಅರ್ಧ ವೋಲ್ಟ್, ಒಂದು ವೋಲ್ಟ್ ಏನು ಮಹಾ ಅನ್ನಿಸಬಹುದು. ಹ್ಯಾಲೊಜೆನ್ ವಿಷಯದಲ್ಲಿ ಅದು ದೊಡ್ಡದೇ. ವೋಲ್ಟೇಜ್ ನೂರಕ್ಕೆ 10 ಇಳಿದರೆ ಬೆಳಕು ಸುಮಾರು 30 ಇಳಿಯುತ್ತದೆ, ಬಣ್ಣವೂ ಹಳದಿಗೆ ತಿರುಗುತ್ತದೆ.

ನಮ್ಮ ಕಡೆಯ ಗಾಡಿಗಳಲ್ಲಿ ನಾನು ಮೊದಲು ಅನುಮಾನಪಡುವುದು ಅರ್ಥನ್ನೇ. ಹೆಡ್‌ಲೈಟ್ ಹಿಂದಿನ ತಗಡಿಗೆ, ಎಷ್ಟೋ ಗಾಡಿಗಳಲ್ಲಿ ಬ್ಯಾಟರಿ ಟ್ರೇ ಪಕ್ಕದಲ್ಲೇ, 10 ಎಂಎಂ ಬೋಲ್ಟಿನ ಕೆಳಗೆ ಅರ್ಥ್ ಲಗ್ (ವೈರಿನ ತುದಿಯ ಉಂಗುರ) ಕೂತಿರುತ್ತದೆ. ಗದ್ದೆ ಬಯಲಿನ ಕೆಸರು, ಬ್ಯಾಟರಿ ಆಸಿಡ್‌ನ ಆವಿ, ವಾಟರ್ ಸರ್ವಿಸ್‌ನ ನೀರು ಮೂರೂ ಬೀಳುವುದು ಅಲ್ಲಿಗೇ. ಬೋಲ್ಟ್ ಬಿಗಿಯಾಗಿದೆ ಅಂತ ಬಿಟ್ಟುಬಿಡಬೇಡಿ, ಬಿಚ್ಚಿ ನೋಡಿ. ಲಗ್ಗಿನ ಅಡಿ ಹಸಿರು ಕಿಲುಬು, ತಗಡಿನ ಮೇಲೆ ಕಂದು ತುಕ್ಕು. ಇನ್ಸುಲೇಶನ್ನನ್ನು ಒಂದಿಂಚು ಸುಲಿದರೆ ತಾಮ್ರ ಕರ್ರಗಾಗಿ, ಉಗುರಿನಲ್ಲಿ ಕೆರೆದರೆ ಪುಡಿಯಾಗಿ ಉದುರುತ್ತದೆ. ಇದಕ್ಕೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಕಳಿಸುವುದು ಕೆಲಸವಲ್ಲ. ಬ್ಯಾಟರಿ ಮೈನಸ್ ಕಳಚಿ, ಹೊಳೆಯುವ ತಾಮ್ರ ಸಿಗುವವರೆಗೆ ವೈರ್ ಕತ್ತರಿಸಿ ಹೊಸ ಲಗ್ ಕ್ರಿಂಪ್ ಮಾಡಿ. ಲಗ್ ಕೂರುವ ಜಾಗದ ಪೇಂಟು, ತುಕ್ಕನ್ನು ಉಪ್ಪುಕಾಗದದಲ್ಲಿ ಉಜ್ಜಿ ತಗಡು ಬೆಳ್ಳಗೆ ಮಾಡಿ. ಸ್ಟಾರ್ ವಾಷರ್ ಹಾಕಿ ಬಿಗಿದ ಮೇಲೆ ಹೊರಗಿನಿಂದ ಗ್ರೀಸ್ ಅಥವಾ ಪೆಟ್ರೋಲಿಯಂ ಜೆಲ್ಲಿ ಸವರಿ.

ಅರ್ಥ್ ಪೂರ್ತಿ ಹೋದ ಎಚ್4 ಲ್ಯಾಂಪನ್ನು ಮೀಟರ್ ಇಲ್ಲದೆಯೂ ಹಿಡಿಯಬಹುದು. ಲೋ ಬೀಮ್ ಹಾಕಿದಾಗ ಆ ಕಡೆಯ ಎರಡೂ ಫಿಲಮೆಂಟ್ ಕೆಂಡದ ಹಾಗೆ ಸಣ್ಣಗೆ ಉರಿಯುತ್ತವೆ, ಡ್ಯಾಶ್‌ಬೋರ್ಡಿನ ನೀಲಿ ದೀಪವೂ ಮಿಣುಕಬಹುದು. ಅರ್ಥ್ ಸೇರಲು ಅಲ್ಲೇ ದಾರಿ ಇಲ್ಲದ ಕರೆಂಟ್ ಲೋ ಫಿಲಮೆಂಟಿನಿಂದ ಹೈ ಫಿಲಮೆಂಟಿಗೆ, ಅಲ್ಲಿಂದ ಹೈ ಬೀಮ್ ವೈರ್ ಹಿಡಿದು ಇನ್ನೊಂದು ಕಡೆಯ ಬಲ್ಬಿಗೆ ಹೋಗಿ ಅಲ್ಲಿನ ಅರ್ಥ್ ಸೇರುತ್ತದೆ. ಬ್ಯಾಟರಿ ಮೈನಸ್‌ನಿಂದ ಒಂದು ವೈರ್ ತಂದು ಬಲ್ಬಿನ ಅರ್ಥ್ ಪಿನ್ನಿಗೆ ತಾಗಿಸಿ. ಬೆಳಕು ಧಗ್ಗನೆ ಬಂದರೆ ಬೇರೆ ಹುಡುಕಾಟ ಬೇಡ.

ಪ್ಲಸ್ ಕಡೆ ಡ್ರಾಪ್ ಹೆಚ್ಚಿದ್ದರೆ ಮೊದಲು ಕಪ್ಲರ್ ಎಳೆದು ಒಳಗೆ ನೋಡಿ. ಸಡಿಲವಾದ ಟರ್ಮಿನಲ್ ಒಂದರಲ್ಲಿ ಬರೀ 0.2 ಓಮ್ ಇದ್ದರೂ 4.5 ಆಂಪಿಯರ್‌ಗೆ 0.9 ವೋಲ್ಟ್ ಅಲ್ಲೇ ಕಳೆಯುತ್ತದೆ, ಉಗುರಿನಷ್ಟು ತಗಡಿನಲ್ಲಿ 4 ವ್ಯಾಟ್ ಶಾಖ ಹುಟ್ಟುತ್ತದೆ. ಪ್ಲಾಸ್ಟಿಕ್ ಕಂದಾಗಿ ಕರಗಿರುವುದು ಅದರಿಂದಲೇ. ಕಾದ ಟರ್ಮಿನಲ್ ಬಿಗಿ ಕಳೆದುಕೊಳ್ಳುತ್ತದೆ, ಬಿಗಿ ಹೋದಷ್ಟೂ ಇನ್ನಷ್ಟು ಕಾಯುತ್ತದೆ. ಅದನ್ನು ನೋಸ್ ಪ್ಲೈಯರಿನಲ್ಲಿ ಒತ್ತಿ ಮತ್ತೆ ಕೂರಿಸುವ ಅಭ್ಯಾಸ ಬಿಡಿ. ಪಿಂಗಾಣಿ ಹೋಲ್ಡರ್ ಸಿಗುತ್ತದೆ, ಅದನ್ನೇ ಹಾಕಿ. ಹಳೆ ವೈರ್ ಬುಡ ಕಪ್ಪಾಗಿದ್ದರೆ ಅಷ್ಟನ್ನೂ ಕತ್ತರಿಸಿ. ಎಷ್ಟೋ ಗಾಡಿಗಳಲ್ಲಿ ಎಡಕ್ಕೆ, ಬಲಕ್ಕೆ ಬೇರೆ ಬೇರೆ ಫ್ಯೂಸ್ ಇರುತ್ತವೆ, ಅವುಗಳ ಕಾಲಿಗೂ ಕಿಲುಬು ಹಿಡಿಯುತ್ತದೆ. ಎರಡೂ ಕಡೆ ಸಮನಾಗಿ ಮಂಕಿದ್ದರೆ ಮಾತ್ರ ರಿಲೇ, ಸ್ವಿಚ್, ಆಲ್ಟರ್ನೇಟರ್ ಕಡೆ ಹೋಗಿ. ಭತ್ತದ ಮೆದೆ, ಕೊಟ್ಟಿಗೆ ಪಕ್ಕ ನಿಲ್ಲಿಸುವ ಗಾಡಿಯಾದರೆ ಇಲಿ ಕಡಿದ ವೈರನ್ನೂ ಹುಡುಕಿ.

ಎರಡೂ ಕಡೆ ವೋಲ್ಟೇಜ್ ಸಮ, ಬಲ್ಬ್ ಒಂದೇ, ಆದರೂ ಮಂಕು. ಆಗ ಲ್ಯಾಂಪನ್ನೇ ನೋಡಬೇಕು. ಬಲ್ಬ್ ತೆಗೆದು ಆ ತೂತಿನಿಂದ ಟಾರ್ಚ್ ಬಿಡಿ. ಬಲ್ಬಿನ ನೆತ್ತಿಯ ಮೇಲೆ ರಿಫ್ಲೆಕ್ಟರ್ ಕಂದಾಗಿ, ಹೊಗೆ ಕೂತಂತೆ ಇದ್ದರೆ ಅದು ಸುಟ್ಟಿದೆ. 100/90 ಬಲ್ಬ್ ಹಾಕಿದ ಗಾಡಿಗಳಲ್ಲಿ ಇದು ಬೇಗ ಆಗುತ್ತದೆ. ಬಟ್ಟೆ ಹಾಕಿ ಒರೆಸಲು ಹೋಗಬೇಡಿ. ಆ ಹೊಳಪು ಬಹಳ ತೆಳು ಅಲ್ಯೂಮಿನಿಯಂ ಲೇಪ, ಒರೆಸಿದರೆ ಕಿತ್ತುಬರುತ್ತದೆ. ಲ್ಯಾಂಪ್ ಬದಲಾಯಿಸದೆ ದಾರಿ ಇಲ್ಲ. ಒಳಗೆ ತೆಳು ಮಂಜು ಕಟ್ಟಿ, ಲೈಟ್ ಉರಿಸಿದ ಮೇಲೆ ಆರಿದರೆ ಚಿಂತೆ ಬೇಡ. ಹನಿ ನಿಂತಿದ್ದರೆ ಹಿಂದಿನ ರಬ್ಬರ್ ಕ್ಯಾಪ್ ನೋಡಿ. ಬಲ್ಬ್ ಹಾಕಿದವರು ಅದನ್ನು ಹಾಕಲು ಮರೆತಿರುವುದು ಬಹಳ ಸಲ ಕಾಣುತ್ತದೆ.

ಹೊರಗಿನದನ್ನು ಗ್ಲಾಸ್ ಅಂತ ಕರೆದರೂ ಈಗಿನ ಕಾರುಗಳಲ್ಲಿ ಅದು ಪಾಲಿಕಾರ್ಬೊನೇಟ್. ಬಿಸಿಲಿಗೆ ಮೇಲಿನ ಪದರ ಕೆಟ್ಟು ಹಳದಿಯಾಗುತ್ತದೆ, ದಿನವೂ ಬಿಸಿಲಿಗೆ ಮುಖ ಮಾಡಿ ನಿಲ್ಲುವ ಕಡೆಗೆ ಹೆಚ್ಚು. ನೀರು ಹಾಕುತ್ತ 1000, 1500, 2000, 3000 ನಂಬರಿನ ವಾಟರ್ ಪೇಪರಿನಲ್ಲಿ ಕ್ರಮವಾಗಿ ಉಜ್ಜಿ, ಕಾಂಪೌಂಡ್ ಹಾಕಿ ಪಾಲಿಶ್ ಮಾಡಿ. ಕೊನೆಗೆ ಯುವಿ ತಡೆಯುವ ಕ್ಲಿಯರ್ ಕೋಟ್ ಹೊಡೆಯದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿಯಾಗುತ್ತದೆ. ಪೇಸ್ಟ್ ಉಜ್ಜಿದರೆ ಸಾಕು ಅನ್ನುವವರ ಮಾತು ಕೇಳಬೇಡಿ.

ಬೆಳಕು ಸರಿಯಿದ್ದೂ ಒಂದು ಕಡೆ ಕೆಳಕ್ಕೆ ತಿರುಗಿದ್ದರೆ ಸೀಟಿನಿಂದ ಮಂಕಾಗಿಯೇ ಕಾಣುತ್ತದೆ. ಸಮತಟ್ಟಾದ ಜಾಗದಲ್ಲಿ, ಟೈರಿನ ಗಾಳಿ ಸರಿಮಾಡಿ, ಬೆಳಕನ್ನು ಮೇಲೆ ಕೆಳಗೆ ಮಾಡುವ ಲೆವೆಲಿಂಗ್ ಡಯಲ್ ಸೊನ್ನೆಗಿಟ್ಟು ಗೋಡೆಯಿಂದ 5 ಮೀಟರ್ ದೂರ ನಿಲ್ಲಿಸಿ. ಬಲ್ಬಿನ ಎತ್ತರಕ್ಕೆ ಗೋಡೆ ಮೇಲೆ ಗೆರೆ ಹಾಕಿದರೆ ಲೋ ಬೀಮಿನ ಮೇಲಂಚು ಅದಕ್ಕಿಂತ ಸುಮಾರು 5 ಸೆಂ.ಮೀ. ಕೆಳಗೆ ಬೀಳಬೇಕು, ಎಡಕ್ಕೆ ಸ್ವಲ್ಪ ಏರಬೇಕು. ಅಂಚೇ ಕಾಣದೆ ಬೆಳಕು ಚೆಲ್ಲಾಪಿಲ್ಲಿಯಾಗಿದ್ದರೆ ಬಲ್ಬಿನ ಕಿವಿಗಳು ಲ್ಯಾಂಪಿನ ಕಚ್ಚಿನಲ್ಲಿ ಕೂತಿಲ್ಲ, ಕ್ಲಿಪ್ ಬಿಚ್ಚಿ ಮತ್ತೆ ಕೂರಿಸಿ.

ಕಂಪನಿಯಿಂದಲೇ ಎಲ್‌ಇಡಿ ಬಂದ ಲ್ಯಾಂಪುಗಳಿಗೆ ಟೆಸ್ಟ್ ಲ್ಯಾಂಪ್ ಚುಚ್ಚಬೇಡಿ. ಕಂಪ್ಯೂಟರ್ ಕರೆಂಟನ್ನು ಬಿಟ್ಟು ಬಿಟ್ಟು ಕೊಡುವ ಗಾಡಿಗಳಲ್ಲಿ ಮೀಟರ್ ಕಡಿಮೆ ವೋಲ್ಟ್ ತೋರಿಸಿದರೂ ಅದು ದೋಷವಲ್ಲ. ಸರಿಯಿರುವ ಕಡೆಯ ಅಳತೆಯನ್ನೇ ಆಧಾರವಾಗಿ ಹಿಡಿಯಿರಿ.

ರಿಪೇರಿ ಮುಗಿದ ಮೇಲೆ ಲೈಟ್ ಹತ್ತು ನಿಮಿಷ ಉರಿಯಲಿ. ಅದೇ ಎರಡು ಅಳತೆ ಮತ್ತೆ ತೆಗೆದು, ಲೈಟ್ ಆರಿಸಿ, ಕಪ್ಲರಿನ ವೈರ್ ಕಡೆಯನ್ನು ಬೆರಳಲ್ಲಿ ಮುಟ್ಟಿ, ಬಲಗಡೆಯದನ್ನೂ ಮುಟ್ಟಿ. ಎಡದ್ದು ಹೆಚ್ಚು ಸುಡುತ್ತಿದ್ದರೆ ಕೀ ಕೊಡಬೇಡಿ, ಟರ್ಮಿನಲ್ ಇನ್ನೂ ಸಡಿಲವಿದೆ.